ಗುರುವಾರದ ಲೀಗಿನಲ್ಲಿ ನನ್ನ ಗಂಡನ ಸರದಿ

ರಾಜ್ಯ ಟೆನ್‌ಪಿನ್ ಬೌಲಿಂಗ್ ಸಂಘದ ಲೀಗ್ ಮಾನ್ಯತಾ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನನ್ನ ಗಂಡ ಲೆಕ್ಕಕ್ಕಿಲ್ಲ ಎಂದು ತಾವು ಮೊಹರು ಹಾಕಿ ತಿಳಿಸಿದ್ದೀರಿ. ನಮ್ಮ ಮದುವೆಯಾಗಿ ಇನ್ನೂ ವರ್ಷವಾಗಿಲ್ಲ. ಇಂಥ ಮಾತನ್ನು ನನ್ನ ಅಮ್ಮ ಕೂಡ ಇದುವರೆಗೆ ಬಾಯಿಬಿಟ್ಟು ಆಡಿಲ್ಲ, ಆಕೆಗೆ ಆಸೆಯಿದ್ದರೂ! ತಮ್ಮ ಆದೇಶದ ಪ್ರಕಾರ, ವರ್ನಾ ಅವರ ಬೌಲಿಂಗ್ ಅಂಗಳದಲ್ಲಿ ಗುರುವಾರ ನಡೆಯುವ ಹಳೇ ಚೆಂಡಿನ ಲೀಗಿನಲ್ಲಿ ಖುದ್ದು ಹಾಜರಿರುವ ಆಟಗಾರರು ಸಾಲದು. ಆದ್ದರಿಂದ ಅದರ ಮಾನ್ಯತೆ ರದ್ದು; ಉಳಿದವರು ಬುಧವಾರದ ಮುಕ್ತ ಲೀಗಿಗೆ ಸೇರಿಕೊಳ್ಳತಕ್ಕದ್ದು. ಆ ‘ಉಳಿದವರ’ ಪೈಕಿ ಒಬ್ಬಳು ನಾನು.

ಸುಪೀರಿಯರ್ ಸರೋವರದ ದಡದ ನಮ್ಮ ಬಂದರಿನಲ್ಲಿ ಅರ್ಧ ಲೀಗು ಅದಿರಿನ ಹಡಗುಗಳ ಮೇಲಿರುತ್ತದೆ. ಮಾರ್ಚಿನಲ್ಲಿ ಹಿಮ ಒಡೆದರೆ ಹೊರಟರು. ಜನವರಿಯಲ್ಲಿ ನೀರು ಹೆಪ್ಪುಗಟ್ಟಿದರೆ ಮರಳಿದರು. ನಮ್ಮಲ್ಲಿ ಮದುವೆಗಳೆಲ್ಲ ಫೆಬ್ರವರಿಯಲ್ಲಿ ಯಾಕೆ ನಡೆಯುತ್ತವೆ ಎಂದು ತಾವು ಎಂದಾದರೂ ಯೋಚಿಸಿದ್ದೀರಾ? ನನ್ನದೂ ಎಮಿಲ್‌ನದೂ ಫೆಬ್ರವರಿಯಲ್ಲೇ ಆಯಿತು. ಔತಣ ವರ್ನಾ ಅವರ ಅಂಗಳದಲ್ಲೇ! ಬಿಳಿ ಗೌನಿನಲ್ಲಿ, ಬಾಡಿಗೆ ಬೂಟು ತೊಟ್ಟು, ನಾನು ಎಸೆದ ಮೊದಲ ಚೆಂಡು ಒಂದು ಪಿನ್ನನ್ನೂ ಮುಟ್ಟದೆ ನೇರ ಪಕ್ಕದ ಚರಂಡಿಗೆ ಹೋಯಿತು. ಜನ ನಕ್ಕ ನಗು ಈಗಲೂ ಕಿವಿಯಲ್ಲಿದೆ. ಅಷ್ಟು ಸಂತೋಷ ಒಬ್ಬಳಿಗೇ ಸಿಗಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಹಿಮ ಒಡೆಯಿತು. ಅವನು ನಡುನಡುವೆ ರಜೆಗೆ ಬರುತ್ತಾನೆ, ನಿಜ. ಆದರೆ ಆ ರಜೆಗಳು ಗುರುವಾರಗಳನ್ನು ನೋಡಿಕೊಂಡು ಬರುವುದಿಲ್ಲ.

ಗೈರುಹಾಜರಾದ ಆಟಗಾರನಿಗೆ ಅವನ ಸರಾಸರಿಯಲ್ಲಿ ಹತ್ತು ಪಿನ್ ಕಳೆದು ಅಂಕ ಕೊಡುವುದು ಎಲ್ಲ ಕಡೆ ಇರುವ ಪದ್ಧತಿ. ಬೇರೆಡೆ ಅದನ್ನು ಕೊನೆಯಲ್ಲಿ ಕೂಡಿಸಿ ಕೈತೊಳೆದುಕೊಳ್ಳುತ್ತಾರೆ. ವರ್ನಾ ಹಾಗೆ ಮಾಡುವವರಲ್ಲ. ಅವರು ಅಂಕಪಟ್ಟಿಯಲ್ಲಿ ಪೆನ್ಸಿಲಿನಿಂದ ಬರೆದ ಹೆಸರುಗಳು ಹಳೇ ಪ್ರೊಜೆಕ್ಟರಿನ ಬೆಳಕಿನಲ್ಲಿ ಮೇಲಿನ ಪರದೆಯ ಮೇಲೆ ದೊಡ್ಡದಾಗಿ ಮೂಡುತ್ತವೆ: ಬ್ರಿಟಾ, ಅದರ ಕೆಳಗೆ ಎಮಿಲ್. ನನ್ನದು ಮುಗಿದೊಡನೆ ಎಮಿಲ್‌ನ ಸರದಿ. ಒಬ್ಬ ಮನುಷ್ಯ ಎದ್ದು, ಕೈ ಒರೆಸಿಕೊಂಡು, ಚೆಂಡು ಎಸೆದು ಬರುವಷ್ಟು ಹೊತ್ತು ಎಲ್ಲರೂ ಸುಮ್ಮನಿರುತ್ತಾರೆ. ಆಮೇಲೆ ವರ್ನಾ ಪಟ್ಟಿಯ ಅವನ ಚೌಕದಲ್ಲೊಂದು ಗೀಟು ಎಳೆಯುತ್ತಾರೆ. ಮೊದಲ ವಾರ ಗೊತ್ತಾಗದೆ ನಾನು ಬಿಯರ್ ತರಲು ಎದ್ದುಬಿಟ್ಟೆ.

“ಏ ಮದುಮಗಳೇ, ಕೂತ್ಕೊಳೇ! ನಿನ್ ಗಂಡ ಆಡ್ತಿದಾನೆ, ಅಡ್ಡ ಬರ್ಬೇಡ!” ಎಂದು ವರ್ನಾ ಕೂಗಿದರು.

ಕೂತೆ. ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ. ಇದೂ ತಮ್ಮ ಕಡತದಲ್ಲಿರಲಿ.

ಹಳೇ ಚೆಂಡಿನ ಬಗ್ಗೆ ತಾವು ‘ಗತಕಾಲದ ಹಂಬಲ’ ಎಂದು ಬರೆದಿದ್ದೀರಿ. ತಮ್ಮ ಬುಧವಾರದ ಆಟಗಾರರು ಗಾಲಿಪೆಟ್ಟಿಗೆಗಳಲ್ಲಿ ಆರಾರು ಚೆಂಡು ಎಳೆದು ತರುತ್ತಾರೆ, ವಿಮಾನ ಹತ್ತುವವರಂತೆ. ಚೆಂಡು ಉರುಳುವ ಹಾದಿಗೆ ಬಳಿದ ಎಣ್ಣೆ ಒಣಗಿತೇ? ಬೇರೆ ಚೆಂಡು. ಕೈ ತಪ್ಪಿತೇ? ಚಿಂತೆಯಿಲ್ಲ, ಚೆಂಡೇ ತಿರುಗಿ ಗುರಿ ಹುಡುಕಿಕೊಳ್ಳುತ್ತದೆ. ನಮಗಿರುವುದು ತಲಾ ಒಂದೇ ಕಪ್ಪು ಗಟ್ಟಿ ರಬ್ಬರಿನ ಚೆಂಡು. ಅದು ನೇರ ಹೋಗುತ್ತದೆ, ಏನನ್ನೂ ಕ್ಷಮಿಸುವುದಿಲ್ಲ. ಎಣ್ಣೆ ಒಣಗಿದರೆ ನಾವೇ ನಿಲ್ಲುವ ಜಾಗ ಬದಲಿಸಬೇಕು, ಮಣಿಕಟ್ಟು ತಿದ್ದಿಕೊಳ್ಳಬೇಕು. ಮೂಲೆಯಲ್ಲಿ ಒಂದೇ ಪಿನ್ ಉಳಿದಾಗ ಅದನ್ನು ಬೀಳಿಸಲು ಕಲಿಯುವುದಕ್ಕೆ ನನಗೆ ಇಡೀ ಬೇಸಿಗೆ ಹಿಡಿಯಿತು. ಖಾಲಿ ಮನೆಗೆ ಹೋಗಲು ಮನಸ್ಸಾಗದವಳಿಗೆ ಬೇಸಿಗೆ ಉದ್ದವೇ ಇರುತ್ತದೆ. ಇದು ಹಂಬಲವೇ? ಇರಬಹುದು. ಆದರೆ ಸ್ಪರ್ಧೆಯಲ್ಲಿ ಗೆಲ್ಲಬೇಕಾದದ್ದು ಆಟಗಾರನೋ, ಪೆಟ್ಟಿಗೆಯೋ?

ಹಡಗು ದಡಕ್ಕೆ ಹತ್ತಿರವಾಗಿ ಸಿಗ್ನಲ್ ಸಿಕ್ಕಾಗ ಎಮಿಲ್ ಫೋನ್ ಮಾಡುತ್ತಾನೆ.

“ಈ ವಾರ ನಾನೆಷ್ಟು ಹೊಡ್ದೆ?”

“ನೂರ ಅರವತ್ತೊಂದು.”

“ಮತ್ತೆ ಅಷ್ಟೇನಾ? ನೀನು?”

“ನೂರ ನಲವತ್ತು.”

“ಥೂ, ಊರಲ್ಲೇ ಇಲ್ದಿರೋನ ಕೈಲಿ ಸೋತ್ಯಲ್ಲೇ!”

“ನಿಂಗೇನಪ್ಪ, ಕೆಟ್ಟ ದಿನ ಅನ್ನೋದೇ ಇಲ್ಲ. ಇಲ್ಲಿಗ್ ಬಂದು ಆಡು, ತೋರಿಸ್ತೀನಿ.”

ಅಷ್ಟರಲ್ಲಿ ಸಿಗ್ನಲ್ ಹೋಗುತ್ತದೆ. ಹೇಳಬೇಕೆಂದುಕೊಂಡ ಉಳಿದದ್ದನ್ನು ನಾನು ಪಾತ್ರೆ ತೊಳೆಯುತ್ತ ನಲ್ಲಿಗೆ ಹೇಳುತ್ತೇನೆ.

ತಮ್ಮ ಸಲಹೆಗೆ ಬೆಲೆ ಕೊಟ್ಟು ಬುಧವಾರದ ಲೀಗಿಗೂ ಒಮ್ಮೆ ಹೋಗಿಬಂದೆ. ಎಲ್ಲರೂ ಸಭ್ಯರೇ, ಸುಳ್ಳು ಹೇಳಲಾರೆ. ಒಬ್ಬರು ತಮ್ಮ ಕರಿದ ಚೀಸನ್ನೂ ಕೊಟ್ಟರು. ಅಲ್ಲಿ ಅಂಕ ಬರೆಯುವುದು ಕಂಪ್ಯೂಟರು. ನನ್ನ ಸರದಿ ಮುಗಿದದ್ದೇ ಅದು ಪಕ್ಕದ ತಂಡದ ಹೆಸರಿಗೆ ಹಾರಿತು. ಅಭ್ಯಾಸಬಲದಿಂದ ನಾನು ಅಲ್ಲೇ ನಿಂತಿದ್ದೆ, ಎಮಿಲ್‌ಗೆ ಹಾದಿ ಬಿಟ್ಟು, ಪಕ್ಕಕ್ಕೆ ಸರಿದು. “ಏನಾದ್ರೂ ಬೀಳಿಸಿಕೊಂಡ್ರಾ ಮೇಡಂ?” ಎಂದು ಹಿಂದಿನಿಂದ ಒಬ್ಬರು ಕೇಳಿದರು. ಏನೂ ಇಲ್ಲವೆಂದೆ. ಅವನು ಹಡಗು ಹತ್ತಿದ ದಿನವೂ ನಾನು ಅಷ್ಟು ಒಂಟಿಯಾಗಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಹಡಗಿನ ಮೇಲಿರುವವರನ್ನು ಆಟಗಾರರೆಂದೇ ಎಣಿಸಿ, ನಮ್ಮ ಲೀಗಿಗೆ ಮಾನ್ಯತೆ ಮರಳಿಸಿ. ಅದಕ್ಕೂ ಮೊದಲು ಒಂದು ಗುರುವಾರ ಖುದ್ದು ಹಾಜರಾಗಿ. ಆ ಮಾತು ತಮಗೂ ಅನ್ವಯಿಸಲಿ. ಪೆಟ್ಟಿಗೆ ಕಾರಿನಲ್ಲೇ ಇರಲಿ, ವರ್ನಾ ಅವರ ಕಪ್ಪು ಚೆಂಡುಗಳಲ್ಲೊಂದು ಎತ್ತಿಕೊಳ್ಳಿ. ಚರಂಡಿಗೆ ಹೋದರೆ ನಗುತ್ತೇವೆ, ಬೇಸರ ಬೇಡ. ಆಟ ಮುಗಿಸಿ ನನ್ನ ಪಕ್ಕ ಕೂತುಕೊಳ್ಳಿ. ಪರದೆಯ ಮೇಲೆ ಎಮಿಲ್‌ನ ಹೆಸರು ಬಂದು, ಇಡೀ ಅಂಗಳ ಸುಮ್ಮನಾದಾಗ, ದಯವಿಟ್ಟು ಎದ್ದು ಹೋಗಬೇಡಿ.

ಅವನು ಆಡುತ್ತಿರುತ್ತಾನೆ.

ಇಂತಿ,
ತಮ್ಮ ಲೆಕ್ಕದಲ್ಲಿ ಒಬ್ಬಳು, ವರ್ನಾ ಅವರ ಲೆಕ್ಕದಲ್ಲಿ ಇಬ್ಬರು,
ಬ್ರಿಟಾ ಕಂಗಾಸ್