ಮೂರು ಬಡಿತದ ಹುತ್ತ

ಮಣ್ಣೆಣಿಕೆಯ ೨೧೪ನೇ ವರ್ಷ, ಬಿತ್ತದ ತಿಂಗಳ ಒಂಬತ್ತನೇ ದಿನ. ನಿಮ್ಮ ಲೆಕ್ಕದಲ್ಲಿ ಕ್ರಿ.ಶ. ೨೪೩೧ ಇರಬೇಕು.
ಏಳನೇ ಠಾಣೆ, ಕುಷ್ಟಗಿಯ ಪಡುವಣ ಬಂಡೆ.

ನಮಗಿಂತ ನಾನೂರು ವರ್ಷ ಹಿಂದೆ ಹುತ್ತಗಳ ಪಕ್ಕದಲ್ಲೇ ಓಡಾಡಿಕೊಂಡಿರುವ ಹಿರಿಯರಿಗೆ,

ನನ್ನ ಕನ್ನಡ ನಿಮಗೆ ಒರಟೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಮಾತನಾಡಲು ಜನ ಸಿಗುವುದು ತಿಂಗಳಿಗೊಮ್ಮೆ, ನಾಲಿಗೆ ಜಡ್ಡುಗಟ್ಟಿದೆ. ನಾನು ಹೊಳಬಸವ್ವ, ವೃತ್ತಿಯಿಂದ ನೆಲಗಿವಿ. ಎಂದರೆ ಮಣ್ಣೊಳಗೆ ಹುಳುಗಳು ಉಳಿದಿವೆಯೇ ಎಂದು ಕಿವಿಗೊಟ್ಟು ಕೂರುವವಳು. ಹುಳುವಿದೆ ಎಂದು ನಾನು ಬರೆದರೆ ಈ ನೆಲಕ್ಕೆ ಬೀಜ ಬರುತ್ತದೆ. ಇಲ್ಲವೆಂದರೆ ಸತ್ತ ನೆಲವೆಂದು ಕೈಬಿಡುತ್ತಾರೆ.

ಅಗೆದು ನೋಡುವಂತಿಲ್ಲ, ಅಗೆದರೆ ಇರುವ ಗೂಡೂ ಹಾಳು. ಗೊಣ್ಣೆಹುಳು ಸಿಗುತ್ತಿದ್ದ ಕಾಲದಲ್ಲಿ ಅದರ ಬೆನ್ನಿಗೆ ಎಳ್ಳಿನಷ್ಟು ದೊಡ್ಡ ಬಿಲ್ಲೆ ಅಂಟಿಸಿ, ಮಣ್ಣಿಗೆ ಬಿಟ್ಟು, ಮೇಲಿನಿಂದ ಕೋಲು ಹಿಡಿದು ಹಿಂಬಾಲಿಸುತ್ತಿದ್ದರಂತೆ. ಬಿಲ್ಲೆ ಹತ್ತಿರವಾದರೆ ಕೋಲು ಗುಂಯ್ ಎನ್ನುತ್ತಿತ್ತು. ನನ್ನ ಬಳಿ ಡಬ್ಬಿ ತುಂಬ ಬಿಲ್ಲೆಗಳಿವೆ, ಅಂಟಿಸಲು ಬೆನ್ನಿಲ್ಲ. ಗೆದ್ದಲಿಗಾಗಿ ನೆನೆಸಿದ ಜೋಳದ ದಂಟು ಹೂತು ಹದಿನೈದು ದಿನಕ್ಕೊಮ್ಮೆ ಎತ್ತಿ ನೋಡುತ್ತೇನೆ. ಒಂಬತ್ತು ವರ್ಷದಲ್ಲಿ ಒಂದು ದಂಟಿಗೂ ಹಲ್ಲು ತಾಗಿಲ್ಲ. ಆದರೂ ‘ಇದೆ’ ಎಂದೇ ಬರೆಯುತ್ತ ಬಂದೆ, ಏಕೆಂದರೆ ಸರಳಿನಲ್ಲಿ ಕೇಳಿಸುತ್ತಿತ್ತು.

ಸರಳೆಂದರೆ ಬಂಡೆಯ ಬಿರುಕಿನಲ್ಲಿ ಆಳುದ್ದ ಇಳಿಸಿದ ಕಬ್ಬಿಣ. ಅದಕ್ಕೆ ಕಿವಿತಟ್ಟೆ ಹಚ್ಚಿ ದಿನಾ ಬೆಳಿಗ್ಗೆ ಆಲಿಸಬೇಕು. ಆಲಿಸುವ ಮೊದಲೂ ಮುಗಿದ ಮೇಲೂ ಬೆರಳ ಗೆಣ್ಣಿನಿಂದ ಸರಳನ್ನು ಮೂರು ಸಲ ಬಡಿದು “ಯಾರದೀರವ್ವ ಒಳಗ?” ಎಂದು ಕೇಳುವುದು ನಮ್ಮ ರೂಢಿ. ಬಾಗಿಲು ಬಡಿಯದೆ ಒಬ್ಬರ ಮನೆಗೆ ಕಿವಿಗೊಡುವುದು ಸಭ್ಯತೆಯಲ್ಲ, ನೋಡಿ. ಇದು ಎಷ್ಟು ಮೈಗೂಡಿದೆಯೆಂದರೆ, ಆ ಬಡಿತವನ್ನು ನಾವು ಸಪ್ಪಳವೆಂದೇ ಎಣಿಸುವುದಿಲ್ಲ. ಇನ್ನೊಂದು ಕಟ್ಟಳೆ ಹೆಜ್ಜೆಮಡಿ: ಆಲಿಸುವ ನೆಲದ ಮೇಲೆ ಯಾರೂ ಕಾಲಿಡಬಾರದು. ಬಂಡೆಯ ಆ ತುದಿಯಲ್ಲಿ ಎಂಟನೇ ಠಾಣೆಯಿದೆ, ಅಲ್ಲಿ ನೀಲಗಂಗವ್ವ ಎಂಬ ನೆಲಗಿವಿ ಇದ್ದಾಳೆಂದು ಗೊತ್ತಿತ್ತು. ಸುತ್ತುಹಾದಿ ಬಲು ದೂರ, ಮುಖ ನೋಡಿರಲಿಲ್ಲ.

ನಾನು ಬಡಿದು ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಮೂರು ಬಡಿತ ಬರುತ್ತಿತ್ತು. ಗಾಬರಿಯಾದ ಗೆದ್ದಲು ತಲೆಯನ್ನು ನೆಲಕ್ಕೆ ಬಡಿಯುತ್ತದೆ ಎಂದು ಓದಿದ್ದೆ. ಆ ಸದ್ದನ್ನು ಕೇಳಿದವರು ನಮ್ಮಲ್ಲಿ ಯಾರೂ ಉಳಿದಿಲ್ಲ. ಆ ಮೂರು ಬಡಿತಕ್ಕಾಗಿಯೇ ನಾನು ಬೆಳಿಗ್ಗೆ ಏಳುತ್ತಿದ್ದೆ. ಜೀವಂತ ಹುತ್ತ ನನ್ನೊಬ್ಬಳ ಬಳಿಯೇ ಇದೆ ಎಂಬ ಜಂಬ ಬೇರೆ.

ಹೋದ ತಿಂಗಳು ಬಡಿತ ನಿಂತಿತು. ಇಪ್ಪತ್ತು ದಿನ ನನಗೆ ಊಟ ಸೇರಲಿಲ್ಲ. ಆಮೇಲೆ ರೇಷನ್ ಗಾಡಿಯ ದ್ಯಾಮಣ್ಣ ಬಂದು ಒಂದು ದಫ್ತರ ಕೈಗಿಟ್ಟ. “ಆ ತುದಿ ನೀಲಗಂಗವ್ವ ಹೋಗಿಬಿಟ್ಟಳ್ರೀ, ಇಪ್ಪತ್ತು ದಿನ ಆತು. ಮುಂದಿಂದು ನೀವಽ ಬರೀಬೇಕಂತ. ಆಕಿ ಹುತ್ತಾನೂ ದಿನಾ ಮೂರು ಸಲ ಬಡೀತಿತ್ತಂತ” ಎಂದ. ಗಾಡಿ ಹೊರಡುವ ಮೊದಲೇ ನಾನು ದಫ್ತರ ಬಿಚ್ಚಿದೆ.

ದಫ್ತರದ ತುಂಬ ದಿನಕ್ಕೊಂದು ಸಾಲು: ‘ಮೂರು.’ ಹೋದ ಮಳೆಗಾಲದಲ್ಲಿ ನಾನು ಜ್ವರ ಬಂದು ಮಲಗಿದ್ದ ನಾಲ್ಕು ದಿನ ಮಾತ್ರ ಬೇರೆ ಬರೆದಿದ್ದಳು: ‘ಸಪ್ಪಳಿಲ್ಲ. ನಮ್ಮ ಹುಳವ್ವಗ ಏನಾತೊ ಏನೋ.’ ಐದನೆಯ ದಿನ: ‘ಬಂತು. ಜೀವ ಐತಿ. ಇವತ್ತ ಹೋಳಿಗಿ ಮಾಡೀನಿ.’

ನನ್ನ ಜ್ವರ ಬಿಟ್ಟಿದ್ದಕ್ಕೆ ಒಬ್ಬರು ಹೋಳಿಗೆ ಮಾಡಿಕೊಂಡು ಉಂಡಿದ್ದರು, ನನಗೆ ಗೊತ್ತೇ ಇರಲಿಲ್ಲ. ಅದನ್ನು ಓದಿ ಬಹಳ ಅತ್ತೆ.

ನಿನ್ನೆ ಎರಡೂ ದಫ್ತರಗಳಲ್ಲಿ ‘ಹುಳುವಿಲ್ಲ’ ಎಂದು ಬರೆದೆ. ಇನ್ನು ಈ ನೆಲಕ್ಕೆ ಬೀಜ ಬರುವುದಿಲ್ಲ, ಠಾಣೆ ಮುಚ್ಚುತ್ತದೆ. ನಿಮ್ಮಲ್ಲಿ ಒಂದೇ ಬೇಡಿಕೆ. ಹಿತ್ತಲಲ್ಲೋ ಹೊಲದ ಬದುವಿನಲ್ಲೋ ಹುತ್ತ ಕಂಡರೆ, ಔಷಧಿ ಸುರಿಯುವ ಮೊದಲು ಒಮ್ಮೆ ಕಿವಿಯಿಟ್ಟು ಕೇಳಿ. ಆ ಸದ್ದು ಹೇಗಿತ್ತೆಂದು ನಮಗಾಗಿ ಬರೆದಿಡಿ. ಅದೊಂದು ಗೊತ್ತಿದ್ದರೆ ನಾವಿಬ್ಬರು ಹೆಂಗಸರು ಒಂಬತ್ತು ವರ್ಷ ಒಬ್ಬರನ್ನೊಬ್ಬರು ಹುಳುವೆಂದುಕೊಂಡು ಕೂರುತ್ತಿರಲಿಲ್ಲ.

ಸತ್ತ ನೆಲಕ್ಕೆ ಹೆಜ್ಜೆಮಡಿಯಿಲ್ಲ. ನಾಳೆ ಬೆಳಿಗ್ಗೆ ಸರಳನ್ನು ಮೂರು ಸಲ ಬಡಿದು, ಬಂಡೆಯ ಮೇಲೆಯೇ ನಡೆದು ಆಕೆಯ ಮನೆಗೆ ಹೋಗಿಬರುತ್ತೇನೆ. ಅಡ್ಡಹಾದಿಯಲ್ಲಿ ಒಂದು ತಾಸೂ ಹಿಡಿಯುವುದಿಲ್ಲವಂತೆ.

ಇಂತಿ,
ಹೊಳಬಸವ್ವ