ಜೀಪಿನ ನಡುಕ ನಿಂತಿದೆ

ಮದಲೂರು
೧೪-೬-೧೯೮೧

ನನ್ನ ಮುದ್ದಿನ ತಮ್ಮ ಓಬಯ್ಯನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ನೀನು ಆ ಹಿಂದೂಪುರದಲ್ಲಿ ಹೊತ್ತುಹೊತ್ತಿಗೆ ಉಣ್ಣುತ್ತಿದ್ದೀಯೋ ಇಲ್ಲವೋ ಅನ್ನುವುದೊಂದೇ ಯೋಚನೆ. ನನ್ನ ಹಿಂದಿನ ಕಾಗದಗಳನ್ನು ನೀನು ಒಡೆಯದೆ ಹಾಗೇ ಇಟ್ಟುಕೊಂಡಿದ್ದೀಯಂತೆ. ನಿನ್ನ ರೂಮಿನಲ್ಲೇ ಇರುವ ಸಣ್ಣರಂಗಯ್ಯ ಊರಿಗೆ ಬಂದಾಗ ಹೇಳಿದ. ಅದಕ್ಕೇ ಈ ಸಲ ಇನ್‌ಲ್ಯಾಂಡ್‌ನ ಹೊರಗಡೆಯೇ ‘ಜೀಪಿನ ರೋಗ ಸಿಕ್ಕಿತು’ ಎಂದು ದೊಡ್ಡದಾಗಿ ಬರೆದಿದ್ದೇನೆ. ಪೋಸ್ಟ್‌ಮ್ಯಾನ್ ನಕ್ಕರೆ ನಗಲಿ, ನೀನು ಒಡೆದರೆ ಸಾಕು.

ಮಿಲಿಟರಿ ಹರಾಜಿನಲ್ಲಿ ನೀನು ಹಿಡಿದು ತಂದ ಆ ಹಳೇ ಜೀಪು, ನೀನು ಹೋದಾಗಿನಿಂದ ಬೇವಿನ ಮರದಡಿಯೇ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಕಳೆದ ವಾರ ಸಿರಾದಿಂದ ಮೆಕ್ಯಾನಿಕ್ ಶಫೀವುಲ್ಲಾನನ್ನು ಕರೆಸಿದೆ. ಪ್ಲಗ್ಗು ಉಜ್ಜಿದ, ಕಾರ್ಬೊರೇಟರ್ ಬಿಚ್ಚಿ ತೊಳೆದ. ಹಿಂದೆ ನೀನೂ ಅವನೂ ಸೇರಿ ಮಾಡುತ್ತಿದ್ದದ್ದೇ. ಸ್ಟಾರ್ಟ್ ಏನೋ ಆಯಿತು. ಆದರೆ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿ, ಎಕ್ಸಲರೇಟರ್ ಮೇಲಿನ ಕಾಲು ತೆಗೆದ ಕೂಡಲೇ ಸತ್ತುಹೋಯಿತು.

ಆಗ ನನಗೆ ಆ ದಿನದ್ದು ನೆನಪಾಯಿತು. ಬೇಜಾರು ಮಾಡಿಕೊಳ್ಳಬೇಡ, ಹೇಳಲೇಬೇಕು. ಯತ್ತಪ್ಪನ ಹೆಂಡತಿ ಮುನಿಯಮ್ಮನನ್ನು ಹೆರಿಗೆಗೆ ನೀನು ಸಿರಾ ಆಸ್ಪತ್ರೆಗೆ ಕರೆದೊಯ್ಯುವಾಗ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಕೆರೆ ಏರಿಯ ಮೇಲೆ ಗಾಡಿ ಪೂರ್ತಿ ನಿಲ್ಲುವ ಮುಂಚೆ, ನೀನು ಚೋಕ್ ಎಳೆದು ಗಾಳಿ ಕಡಿಮೆ ಮಾಡಿದಾಗಲೆಲ್ಲ ಇಂಜಿನ್ ಸ್ವಲ್ಪ ಸುಧಾರಿಸಿಕೊಳ್ಳುತ್ತಿತ್ತು. ಅದನ್ನು ಶಫೀವುಲ್ಲಾನಿಗೆ ಹೇಳಿದೆ. ಅವನು ಪಾನಾ ಕೆಳಗಿಟ್ಟ.

“ಅರೇ ಅಕ್ಕ, ಇದನ್ನ ಮೊದ್ಲೇ ಹೇಳ್ಬಾರ್ದಾ? ಅಂಗಾದ್ರೆ ಎಲ್ಲಿಂದ್ಲೋ ಕಳ್ಳಗಾಳಿ ನುಗ್ತಾ ಐತೆ” ಅಂದ.

ಚೊಂಬು ತರಿಸಿಕೊಂಡು, ಇಂಜಿನ್ ಓಡುತ್ತಿರುವಾಗಲೇ ಒಂದೊಂದೇ ಸಂದಿಗೆ ನೀರು ಹನಿಸುತ್ತ ಬಂದ. ಕಾರ್ಬೊರೇಟರ್ ಕೂರುವ ಜಾಗಕ್ಕೆ ನೀರು ಬಿದ್ದದ್ದೇ ತಡ, ನಡುಕ ನಿಂತು ಸದ್ದು ಒಂದೇ ಸಮನಾಯಿತು. ನೀರು ಹೀರಿಹೋದ ಮೇಲೆ ಮತ್ತೆ ಗಡಗಡ. ಬಿಚ್ಚಿ ನೋಡಿದರೆ, ಗಾಳಿ ನುಗ್ಗದಂತೆ ಅಡಿಯಲ್ಲಿ ಹಾಕುವ ಪ್ಯಾಕಿಂಗ್ ಹರಿದಿದೆ! ಮೇಲಿನಿಂದ ಕಾಣುವಂಥದ್ದಲ್ಲ. ಹೊಸದು ಕತ್ತರಿಸಿ ಹಾಕಿದ. ಈಗ ಕಾಲು ತೆಗೆದರೂ ನಿಲ್ಲುವುದಿಲ್ಲ ಕಣೋ.

ಕೈ ಒರೆಸಿಕೊಳ್ಳುತ್ತ ಅವನು ಅಂದ: “ನಿಮ್ ತಮ್ಮಂಗೆ ಬರೀರಿ ಅಕ್ಕ. ಅಷ್ಟು ಸಲ ಬಿಚ್ಚಿ ಹಾಕ್ದೋನು ನಾನು. ನಂಗೇ ಕಾಣ್ಲಿಲ್ಲ, ಅವ್ನಿಗೆ ಹೆಂಗೆ ಕಂಡಾತು?”

ಇನ್ನು ನೀನು ಓದದೆ ಬಿಟ್ಟ ಮಾತು. ಕೂಸು ಹೋಯಿತು ಅಂತ ಗೊತ್ತಾದ ಕೂಡಲೇ ನೀನು ಆಸ್ಪತ್ರೆಯಿಂದ ಎದ್ದು ಹೋದೆ. ಮಾರನೆಯ ದಿನ ಜೀಪಿನ ಕೀಲಿ ನಮ್ಮ ಹೊಸಿಲ ಮೇಲಿತ್ತು, ನೀನಿರಲಿಲ್ಲ. ಡಾಕ್ಟರಮ್ಮ ಆಮೇಲೆ ಹೇಳಿದ್ದು ನಿನ್ನ ಕಿವಿಗೆ ಬೀಳಲೇ ಇಲ್ಲ. ಕೂಸು ಹಿಂದಿನ ದಿನವೇ ಹೊಟ್ಟೆಯಲ್ಲಿ ತೀರಿಕೊಂಡಿತ್ತಂತೆ. ನೀನು ಏರಿಯಿಂದ ಓಡಿಹೋಗಿ ಕ್ಯಾತಣ್ಣನ ಟ್ರ್ಯಾಕ್ಟರ್ ತಾರದೆ ಇದ್ದಿದ್ದರೆ ತಾಯಿಯೂ ದಕ್ಕುತ್ತಿರಲಿಲ್ಲವಂತೆ. ಆಮೇಲೆ ಯತ್ತಪ್ಪ ನಿನ್ನನ್ನು ಹುಡುಕಿಕೊಂಡು ನಮ್ಮ ಮನೆಗೆ ಬಂದ. ಬೈಯಲು ಅಂದುಕೊಂಡೆಯಾ? ಇದನ್ನು ಹೇಳಲು ಬಂದಿದ್ದ. ಬಾಗಿಲಲ್ಲಿ ನಿಂತು ಅತ್ತು ಹೋದ.

ಆ ಸ್ಟೇರಿಂಗ್ ಮತ್ತೆ ಹಿಡಿಯಲು ನಿನಗೆ ಕೈ ಬಾರದಿರಬಹುದು. ಅದು ನನಗೆ ಅರ್ಥವಾಗುತ್ತದೆ. ಬಂದ ಮೇಲೆ ಓಡಿಸುತ್ತೀಯೋ, ಮಾರುತ್ತೀಯೋ, ಕೋಳಿಗಳಿಗೇ ಬಿಡುತ್ತೀಯೋ, ನಿನ್ನಿಷ್ಟ.

ನಿನ್ನ ದಾರಿ ನೋಡುತ್ತಿರುವ ಅಕ್ಕ,
ರಂಗಕ್ಕ

ಇನ್ನೊಂದು ಮಾತು: ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ತಡೆದಿದ್ದೆ. ಮುನಿಯಮ್ಮ ಮತ್ತೆ ಬಸುರಿ. ಶ್ರಾವಣದಲ್ಲಿ ಹೆರಿಗೆ. ನಿನ್ನೆ ಜೀಪಿನ ಸದ್ದು ಕೇಳಿ ಬಂದವಳು ಬಾನೆಟ್ ಮೇಲೆ ಕೈಯಿಟ್ಟಳು. ಆಮೇಲೆ, “ಓಬಣ್ಣ ಬತ್ತಾನಾ ಅಕ್ಕ? ಈ ಸಲಾನೂ ಅವ್ನೇ ಕರ್ಕಂಡ್ ಹೋಗ್ಲಿ” ಅಂದಳು.

ಬರುತ್ತಾನೆ ಅಂದುಬಿಟ್ಟಿದ್ದೇನೆ.