ಬಲಗಡೆಯ ಖಾಲಿ ಜಾಗ

ಹಳೇ ಬಜಾರ ಓಣಿ, ಸಿಂದಗಿ
ಸೋಮವಾರ, ೧೧ ಫೆಬ್ರವರಿ ೧೯೭೪

ಚಿರಂಜೀವಿ ಸೋಮನಿಂಗನಿಗೆ ನಿನ್ನ ಅಪ್ಪನ ತುಂಬು ಹರಕೆ.

ಗಿರಣಿಯ ಹತ್ತಿ ಧೂಳಿಗೆ ಹಿಡಿದ ಕೆಮ್ಮು ಇಳಿಯಿತೇ? ಸೊಲ್ಲಾಪುರದ ನೀರು ಭಾರ, ಕಾಯಿಸಿ ಕುಡಿ ಎಂದು ಹೋದ ಸಲವೇ ಬರೆದಿದ್ದೆ; ಅದಕ್ಕೆ ನೀನು ಉತ್ತರಿಸಲಿಲ್ಲ, ಅಂದರೆ ಕಾಯಿಸುತ್ತಿಲ್ಲ. ಖಾನಾವಳಿಯವನು ಜೋಳದ ರೊಟ್ಟಿ ಕೊಡುತ್ತಾನೋ, ಬರೀ ಚಪಾತಿಯಲ್ಲೇ ಕೈ ತೊಳೆಸುತ್ತಾನೋ? ನಿಮ್ಮವ್ವ ಇದ್ದಿದ್ದರೆ ಇಷ್ಟೊತ್ತಿಗೆ ಶೇಂಗಾ ಚಟ್ನಿಯ ಡಬ್ಬಿ ಹಿಡಿದು ತಾನೇ ಬಸ್ಸು ಹತ್ತುತ್ತಿದ್ದಳು. ಇಲ್ಲಿ ನನ್ನ ಮೊಣಕಾಲು ಎಂದಿನಂತೆಯೇ ಇದೆ, ಮ್ಯಾಚಿನ ದಿನ ಮಾತ್ರ ನೋಯುವುದಿಲ್ಲ. ನಿನ್ನ ಕಸ್ತೂರೆವ್ವ ಅತ್ತೆ ಆರೋಗ್ಯ. ಅಣ್ಣನಿಗೆ ಅನ್ನ ಹಾಕಲು ಬಂದವಳು ಈಗ ಅಣ್ಣನ ಬಾಯಿಗೂ ಕಾವಲು ಕೂತಿದ್ದಾಳೆ. "ಅಣ್ಣಾ, ಆ ಚೆಂಡಿನ ಸುದ್ದಿ ಬಿಟ್ಟು ಬ್ಯಾರೆ ಏನರೆ ಇದ್ರ ಮಾತಾಡ" ಎನ್ನುತ್ತಾಳೆ. ಬೇರೆ ಏನಿದೆ ಹೇಳು!

ಸುದ್ದಿ ಏನೆಂದರೆ ನಮ್ಮ ಯಂಗ್ ಸ್ಟಾರ್ಸ್ ಫುಟ್‌ಬಾಲ್ ಕ್ಲಬ್ಬು ಫೈನಲ್ಲಿಗೆ ಬಂದಿದೆ. ಬರುವ ಭಾನುವಾರ ಬಸವನ ಬಾಗೇವಾಡಿಯಲ್ಲಿ ಶೀಲ್ಡಿನ ಆಟ. ಮೊದಲ ಸುತ್ತಿನಲ್ಲಿ ಇಂಡಿ ಊರಿನವರ ಮೇಲೆ ಒಂದು ಗೋಲು ಹೊಡೆದು ಗೆದ್ದೆವು. ಆ ಒಂದು ಗೋಲನ್ನು ನಾವು ಹೊಡೆದೆವು ಎನ್ನುವುದಕ್ಕಿಂತ ಇಂಡಿಯವರ ಗೋಲು ಕಾಯುವ ಗೋಲಿ ದಾನ ಮಾಡಿದ ಎಂದರೆ ನ್ಯಾಯ. ನಮ್ಮ ಸೆಂಟರ್ ಫಾರ್ವರ್ಡ್ ಗೈಬುಸಾಬನ ಕಾಲು ಆನೆಯದು, ಕಣ್ಣು ಮಾತ್ರ ಆಕಾಶದ ಮೇಲೆ. ಆರು ಹೆಜ್ಜೆ ದೂರದಿಂದ ಹೊಡೆದ ಚೆಂಡು ಬೇವಿನ ಮರದಲ್ಲಿ ಸಿಕ್ಕಿ, ಕಲ್ಲೆಸೆದು ಇಳಿಸುವಷ್ಟರಲ್ಲಿ ರೆಫರಿ ಒಂದು ಬೀಡಿ ಸೇದಿ ಮುಗಿಸಿದ. ಗೋಲಿ ಮೈಬೂಬನ ಬಗ್ಗೆ ಎರಡು ಮಾತಿಲ್ಲ. ಬಸ್ ಸ್ಟ್ಯಾಂಡಿನ ಹೊಟೇಲಿನಲ್ಲಿ ಕಾದ ಬಾಣಲೆಯ ಮುಂದೆ ನಿಂತು ಪಳಗಿದ ಕೈ. ಎಂಥ ಚೆಂಡು ಬಂದರೂ ಬಿಸಿಯಾಯಿತೆಂದು ಬಿಡುವವನಲ್ಲ. ದಿ ರೈಟ್ ಮ್ಯಾನ್ ಇನ್ ದಿ ರೈಟ್ ಪ್ಲೇಸ್ ಎಂದು ಬಿಜಾಪುರದ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಪ್ರೊಫೆಸರರು ಹೇಳುತ್ತಿದ್ದರು. ಅದರ ಮುಂದೆಯೂ ಏನೋ ಇತ್ತು, ಈಗ ಹಾರಿಹೋಗಿದೆ.

ಆದರೆ ರೈಟ್ ಪ್ಲೇಸಿನಲ್ಲಿ ರೈಟ್ ಮ್ಯಾನ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಬಲಗಡೆ ನೋಡಬೇಕು. ನೀನು ಹೋದಂದಿನಿಂದ ಆ ಜಾಗ ಖಾಲಿಯೇ. ಈಗ ಅಲ್ಲಿ ಮೋರಟಗಿಯ ಶಾಲೆಯ ಮಾಸ್ತರರೊಬ್ಬರನ್ನು ಆಡಿಸುತ್ತಿದ್ದಾರೆ. ಒಳ್ಳೆಯ ಮನುಷ್ಯ, ಓಟವೂ ಇದೆ, ಆದರೆ ಚೆಂಡನ್ನು ಹಿಂದೆ ಬಿಟ್ಟು ತಾನೊಬ್ಬನೇ ಮುಂದೆ ಓಡಿಹೋಗಿ ತಿರುಗಿ ನೋಡುತ್ತಾನೆ, ಮಕ್ಕಳು ಸಾಲಾಗಿ ಬರುತ್ತಿದ್ದಾರೋ ಇಲ್ಲವೋ ಎಂಬಂತೆ. ಜನ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಆ ಗೆರೆಯ ಗುಂಟ ನೀನು ಚೆಂಡನ್ನು ಬೂಟಿಗೆ ಅಂಟಿಸಿಕೊಂಡು ಹೋಗುತ್ತಿದ್ದುದು ಕಣ್ಣಿಗೆ ಕಟ್ಟುತ್ತದೆ.

ಬೂಟಿನ ಮಾತು ಬಂದಾಗ ನಿನ್ನ ಮುಖ ಹೇಗಾಗುತ್ತದೆ ಎಂದು ಬಲ್ಲೆ. ಇನ್ನು ಬೂಟು ಹಾಕುವುದಿಲ್ಲ ಎಂದು ನೀನು ಬರೆದಿದ್ದೂ ನೆನಪಿದೆ. ಆದರೆ ಮಗನೇ, ಹೋದ ವರ್ಷ ಮುದ್ದೇಬಿಹಾಳದ ಕಡೆಯ ಹೊಳೆದಂಡೆ ತಂಡದ ಮೇಲೆ ಆದದ್ದು ಆಟದಲ್ಲಿ ಆದದ್ದು. ನಾನು ಗೆರೆಯ ಮೇಲೆಯೇ ನಿಂತಿದ್ದೆ. ಅವರ ಆಟಗಾರ ಪರಸಪ್ಪ ಅಡ್ಡ ಬಂದ, ನೀನು ಚೆಂಡಿಗೇ ಕಾಲು ಹಾಕಿದೆ, ರೆಫರಿ ಸೀಟಿ ಊದಲಿಲ್ಲ. ಅವನದು ಬರಿಗಾಲು, ನಿನ್ನ ಬೂಟಿನಲ್ಲಿ ಮೊಳೆ. ಮೊಣಕಾಲ ಕೆಳಗೆ ಅಷ್ಟುದ್ದ ಸೀಳಿತು. ಅವನೇ ಮಣ್ಣು ಮೆತ್ತಿಕೊಂಡು, "ಏನಾಗಿಲ್ಲ, ಆಡ್ರೋ" ಎಂದು ಕೊನೆತನಕ ಆಡಿದ. ದನ ಕಟ್ಟುವ ಮೈದಾನದ ಮಣ್ಣು ಅದು. ಧನುರ್ವಾಯು ಹಿಡಿದು ಅವನು ಹೋದ ಸುದ್ದಿ ಬಂದಾಗ ನೀನು ಅಂಗಿ ಹಾಕಿಕೊಂಡು ಹೊರಟು ನಿಂತಿದ್ದೆ, ಅವರ ಮನೆಯವರನ್ನು ಮಾತಾಡಿಸಿ ಬರುತ್ತೇನೆಂದು. ನಮ್ಮ ಸೆಕ್ರೆಟರಿ ರಾವಸಾಬ ಕಮಿಟಿ ಕೂಡಿಸಿ, "ಈಗ ಹೋದ್ರ ತಪ್ಪು ಒಪ್ಪಿಕೊಂಡಂಗ ಆಗ್ತದ, ಯಾರೂ ಹೋಗೂದು ಬ್ಯಾಡ" ಎಂದು ಠರಾವು ಮಾಡಿದ. ಯಾರೂ ಹೋಗಲಿಲ್ಲ. ಹೊಳೆದಂಡೆಯವರೂ ಏನೂ ಅನ್ನಲಿಲ್ಲ. ಒಂದು ಮಾತಿಲ್ಲ, ಒಂದು ಬೈಗುಳವಿಲ್ಲ. ಅಂಥ ಸುಮ್ಮನಿರುವಿಕೆಗೆ ಇಂಗ್ಲಿಷಿನಲ್ಲಿ ಒಂದು ಶಬ್ದವಿದೆ, ಬಿರುಗಾಳಿಗೂ ಅದಕ್ಕೂ ಏನೋ ಸಂಬಂಧ. ಇರಲಿ.

ಈ ಸಲ ಫೈನಲ್ಲಿನಲ್ಲಿ ನಮ್ಮ ಎದುರು ಅವರೇ.

ಅದಕ್ಕೂ ಮೊದಲು ಒಂದು ಸಂಗತಿ ಹೇಳಬೇಕು. ಇಂಡಿಯವರ ಮೇಲಿನ ಆಟದ ದಿನ ನಮ್ಮ ಬಲಗಡೆಯ ಮೂಲೆಯ ಬಾವುಟದ ಹತ್ತಿರ ಒಬ್ಬ ಕೂತಿದ್ದ. ತಲೆಗೆ ಸುತ್ತಿದ ಬಿಳಿ ಪಟಕಾ, ಮೊಣಕಾಲ ಮೇಲೆ ಕೈ, ಒಬ್ಬನೇ. ಗೋಲಾದಾಗ ಊರಿಗೆ ಊರೇ ಎದ್ದು ಕುಣಿಯಿತು, ಇವನು ಏಳಲಿಲ್ಲ. ಇಂಡಿಯವನಿರಬೇಕು, ಹೊಟ್ಟೆಕಿಚ್ಚು ಎಂದುಕೊಂಡೆ. ಮುಂದೆ ಬಾಗೇವಾಡಿಯವರ ಮೇಲೆ ಸೆಮಿಫೈನಲ್. ಅಲ್ಲಿಯೂ ಅದೇ ಮೂಲೆ, ಅದೇ ಪಟಕಾ. ಕೋಇನ್ಸಿಡೆನ್ಸ್ ಎಂದೆ. ಆಟ ಮಾತ್ರ ಭಾರಿಯಾಯಿತು. ಬಾಗೇವಾಡಿಯ ಹಾಫ್ ಬ್ಯಾಕ್ ಒಬ್ಬನಿದ್ದಾನೆ, ಕಂಬದಂಥ ಆಳು, ಅವನನ್ನು ದಾಟುವುದೆಂದರೆ ಬೇಸಿಗೆಯಲ್ಲಿ ಎರೆ ಹೊಲ ದಾಟಿದಂತೆ, ಎಲ್ಲಿ ಬಿರುಕು ಎಲ್ಲಿ ಗಟ್ಟಿ ತಿಳಿಯುವುದಿಲ್ಲ. ಹಾಫ್ ಟೈಮಿನಲ್ಲಿ ನಿಂಬೆಹಣ್ಣು ಹೀರಿ ತಂಡಗಳು ದಿಕ್ಕು ಬದಲಿಸಿದವು. ನನಗೇಕೋ ಆ ಮೂಲೆಯ ಕಡೆ ನೋಡಬೇಕೆನಿಸಿತು. ಅಲ್ಲಿ ಅವನಿಲ್ಲ. ಮೈದಾನದ ಸುತ್ತ ಸಾವಕಾಶ ನಡೆದು ಬರುತ್ತಿದ್ದ. ಬಂದವನು ಎದುರಿನ ತುದಿಯ ಮೂಲೆಗೆ ಹೋಗಿ, ಮತ್ತೆ ನಮ್ಮ ಬಲಗಡೆಗೇ ಕೂತ.

ಸೋಮನಿಂಗಾ, ಇಷ್ಟು ವರ್ಷ ಆಟ ನೋಡಿದ್ದೇನೆ. ಜನ ಚೆಂಡನ್ನು ನೋಡುತ್ತಾರೆ, ಇಲ್ಲವೇ ತಮ್ಮ ಕಡೆಯ ಆಟಗಾರನನ್ನು ನೋಡುತ್ತಾರೆ. ಇವನು ನಿನ್ನ ಜಾಗವನ್ನು ನೋಡುತ್ತಿದ್ದ. ಮಾಸ್ತರ ಒಮ್ಮೆ ಮುಗ್ಗರಿಸಿ ಅವನ ಕಾಲ ಬುಡದಲ್ಲೇ ಬಿದ್ದ. ಆಗ ಮೊದಲ ಸಲ ಎದ್ದ. ಬಗ್ಗಿ ಮಾಸ್ತರನ ಮುಖ ನೋಡಿದ, ಆಮೇಲೆ ಅವನ ಬರಿಗಾಲು ನೋಡಿದ. ನೋಡಿ ಮತ್ತೆ ಕೂತ. ನಾನು ಅವನ ಕಡೆ ಎರಡು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಗೈಬುಸಾಬ ಗೋಲು ಹೊಡೆದ, ಈ ಸಲ ನಿಜವಾದ ಗೋಲು, ಕಂಬದ ಒಳಮೈ ಸವರಿಕೊಂಡು ಹೋಯಿತು, ಮತ್ತು ನಾನು ಎಲ್ಲ ಮರೆತು ಟೋಪಿ ಹಾರಿಸಿದೆ.

ಇವತ್ತು ಬೆಳಿಗ್ಗೆ ಆ ಮನುಷ್ಯ ನಮ್ಮ ಮನೆಗೆ ಬಂದಿದ್ದ. ಸಂಗಡ ಒಬ್ಬ ಹಿರಿಯ. ಫೈನಲ್ಲಿಗೆ ಎದುರಾಳಿಗಳು ಎಲೆ ಅಡಿಕೆ ಕೊಟ್ಟು ಕರೆಯುವ ರೂಢಿ ನಿನಗೆ ಗೊತ್ತಲ್ಲ, ಆದರೆ ಅದನ್ನು ಕ್ಯಾಪ್ಟನ್ನನಿಗೆ ಕೊಡುತ್ತಾರೆ. ಇವರು ನಿನ್ನ ಮನೆ ಕೇಳಿಕೊಂಡು ಬಂದಿದ್ದರು. "ನಾ ಶ್ರೀಶೈಲಪ್ಪರಿ, ಪರಸಪ್ಪನ ಅಣ್ಣ" ಎಂದ. ಕೂತಿದ್ದವನು ಎದ್ದು ನಿಂತೆ. ಆದರೆ ಎಷ್ಟು ಮರ್ಯಾದೆಯ ಮಾತು ಅಂತೀ! "ಆದದ್ದು ಆಗಿ ಹೋತ್ರಿ ಯಜಮಾನ್ರ. ನಿಮ್ಮ ಮಗಾ ಇಲ್ಲದ ಶೀಲ್ಡ್ ಗೆದ್ರ ನಮಗೂ ಗೆದ್ದಂಗ ಆಗೂದಿಲ್ಲ. ಕರಸ್ರಿ" ಎಂದ. ಗೋಡೆಯ ಮೇಲಿನ ನಿನ್ನ ಫೋಟೋ ಕೇಳಿ ಇಳಿಸಿಕೊಂಡು, ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಚಲೋ ಆಳು ಅದಾನ. ಬೂಟ್ ತರ್ತಾನಲ್ರಿ?" ಎಂದು ಕೇಳಿದ. ತರ್ತಾನ ಎಂದೆ. ಯಾವ ಬಸ್ಸಿಗೆ ಎಂದ. ಶನಿವಾರ ಸಂಜೆ ಇಂಡಿಯ ಮೇಲಿಂದ ಬರುವ ಬಸ್ಸಿಗೆ ಬಂದು, ಮನೆಯಲ್ಲಿದ್ದು, ಬೆಳಿಗ್ಗೆ ತಂಡದ ಸಂಗಡ ಬಾಗೇವಾಡಿಗೆ ಹೋಗುತ್ತಾನೆ ಎಂದು ನಾನೇ ಹೇಳಿದೆ. ಕಸ್ತೂರೆವ್ವ ಇಬ್ಬರಿಗೂ ಬೆಲ್ಲ, ನೀರು ತಂದಿಟ್ಟಳು. "ಇವತ್ತ ಸೋಮವಾರ, ಒಪ್ಪತ್ತು ಅದರಿ ಅವ್ವಾರ" ಎಂದು ಕೈ ಮುಗಿದರು. ಭಕ್ತಿಯುಳ್ಳವರು ಎಂದು ನನ್ನ ಎದೆ ಹಗುರಾಯಿತು. ಇದೇ ನೋಡು ಸ್ಪೋರ್ಟ್ಸ್‌ಮನ್ ಸ್ಪಿರಿಟ್ ಎಂದು ಕಸ್ತೂರೆವ್ವನಿಗೆ ಹೇಳಿದೆ. ಅವಳು ತುಂಬಿದ ಎರಡು ಲೋಟ ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತೇ ಇದ್ದಳು.

ಆದುದರಿಂದ ತಪ್ಪದೆ ಬಾ. ರಾವಸಾಬ ಮಧ್ಯಾಹ್ನವೇ ನಿನಗೆ ತಂತಿ ಹೊಡೆದಿದ್ದಾನೆ, ಆದಷ್ಟು ಬೇಗ ಹೊರಡು ಎಂದು. ನಿನ್ನ ಮನಸ್ಸಿನ ಭಾರವೂ ಇಳಿಯುತ್ತದೆ, ಕ್ಲಬ್ಬಿನ ಮಾನವೂ ಉಳಿಯುತ್ತದೆ. ಒಂದು ವರ್ಷ ಆಡದ ಕಾಲಿಗೆ ಎಳ್ಳೆಣ್ಣೆ ತಿಕ್ಕಿಕೋ. ಅತ್ತೆಯ ಹರಕೆ ಇದೆ, ಮನೆದೇವರು ಬೆನ್ನಿಗಿರಲಿ.

ನಿನ್ನ ದಾರಿ ಕಾಯುವ ಅಪ್ಪ,
ಗುರಣ್ಣ

ತಾಜಾ ಕಲಂ: ಲಕೋಟೆ ಅಂಟಿಸುವಷ್ಟರಲ್ಲಿ ಕಸ್ತೂರೆವ್ವ ಮೈಬೂಬನನ್ನು ಕರೆದುಕೊಂಡು ಬಂದಳು. ಹೊಟೇಲಿಗೆ ಹೋಗಿ ತಾನೇ ವಿಚಾರಿಸಿದಳಂತೆ. "ಗುರಣ್ಣ ಕಾಕಾ, ಎಲ್ಲೀ ಒಪ್ಪತ್ತು? ನಿಮ್ಮ ಮನಿಯಿಂದ ಬಂದು ನನ್ನ ಅಂಗಡ್ಯಾಗ ತಾಟು ತುಂಬ ಮಿರ್ಚಿ ಭಜಿ ತಿಂದ್ರು, ಚಾ ಕುಡದ್ರು, ತಂಬಿಗಿ ಗಟ್ಟಲೆ ನೀರು ಕುಡದ್ರು. ಇಂಡಿ ಬಸ್ಸು ಊರ ಹೊರಗ ಹಳ್ಳದ ಹತ್ರ ನಿಲ್ತೈತೇನು ಅಂತ ನನ್ನ ಕೇಳಿದ್ರು" ಎಂದ. ಕಸ್ತೂರೆವ್ವ ಇಷ್ಟೇ ಅಂದಳು: "ಅಣ್ಣಾ, ತೀರಿಸೂ ಹಗಿ ಇದ್ದ ಮನಿ ನೀರು ಯಾರೂ ಬಾಯಾಗ ಹಾಕೂದಿಲ್ಲ. ನಾ ಆಗ ಹೇಳಿದ್ರ ನೀ ಕೇಳ್ತಿದ್ದಿಲ್ಲ." ಇದು ನನಗೆ ತಿಳಿಯದ್ದೇ? ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ತಿಳಿದದ್ದು. ಹಗೆಯವರ ಮನೆಯ ನೀರು ಕುಡಿದರೂ, ಹಗೆಯವರಿಗೆ ನೀರು ಕೊಟ್ಟರೂ ಸೇಡಿನ ಕೈ ಕಟ್ಟಿದಂತೆ, ಅದಕ್ಕೇ ಮುಟ್ಟಲಿಲ್ಲ.

ಬರಬೇಡ. ಮೇಲೆ ಬರೆದದ್ದನ್ನೆಲ್ಲ ಹೊಡೆದು ಹಾಕು. ನನ್ನ ಹೆಸರಿನಲ್ಲಿ, ನನಗೆ ಮೈ ಸರಿಯಿಲ್ಲ ಎಂದು ತಂತಿ ಬಂದರೂ ಬರಬೇಡ, ಸತ್ತೆ ಎಂದು ಬಂದರೂ ಬರಬೇಡ. ಟಪಾಲನ್ನು ನಂಬಿ ಕೂಡುವ ಹೊತ್ತಲ್ಲ, ಮೈಬೂಬನೇ ಈ ಕಾಗದ ಹಿಡಿದು ಈಗ ಹೊರಡುವ ಬಸ್ಸಿಗೆ ಸೊಲ್ಲಾಪುರಕ್ಕೆ ಬರುತ್ತಾನೆ. ನೀನು ತಂತಿ ನೋಡಿ ಆಗಲೇ ಹೊರಟಿದ್ದರೆ ಇಂಡಿ ಸ್ಟ್ಯಾಂಡಿನಲ್ಲಿ ಎದುರಿನ ಬಸ್ಸುಗಳನ್ನೆಲ್ಲ ಹತ್ತಿ ನೋಡು ಎಂದು ಹೇಳಿದ್ದೇನೆ. ಸಿಕ್ಕರೆ ಅಲ್ಲಿಂದಲೇ ತಿರುಗು. ಭಾನುವಾರ ಕಳೆಯುವತನಕ ಮೈಬೂಬ ನಿನ್ನ ಸಂಗಡವೇ ಇರುತ್ತಾನೆ; ಫೈನಲ್ಲಿಗೆ ಗೋಲಿ ಇಲ್ಲದಿದ್ದರೆ ಇಲ್ಲ, ಶೀಲ್ಡನ್ನು ಅವರೇ ಒಯ್ಯಲಿ.

ನಾಳೆ ಬೆಳಗಿನ ಬಸ್ಸಿಗೆ ನಾನು ಮುದ್ದೇಬಿಹಾಳದ ಕಡೆ ಹೋಗುತ್ತೇನೆ. ಕಮಿಟಿಗೆ ಹೇಳುವುದಿಲ್ಲ. ಪರಸಪ್ಪನ ತಾಯಿ ರೇವವ್ವ ಇನ್ನೂ ಇದ್ದಾಳಂತೆ. ಅವಳ ಬಾಗಿಲಲ್ಲಿ ನಿಂತು ಕುಡಿಯಲು ನೀರು ಕೇಳುತ್ತೇನೆ. ಕೊಟ್ಟರೆ ನಿನಗೆ ನಾನೇ ಕಾಗದ ಬರೆಯುತ್ತೇನೆ. ನನ್ನ ಅಕ್ಷರದ ಕಾಗದ ಬರುವವರೆಗೆ ಸೊಲ್ಲಾಪುರ ಬಿಡಬೇಡ.